ಮೂರನೇ ನಂಬರಿನ ಅಮೆರಿಕನ್ ಗಾಡಿ

ಮೇಲೆ ಮೂರನೇ ಮಹಡಿಯ ಮನೆಯಲ್ಲಿ ತ್ರಿವೇಣಿಯನ್ನು ಎಲ್ಲರೂ "ಚಹಾ" ಎಂದು ಕರೆಯುತ್ತಿದ್ದರು. ಗಂಡ ಆಫೀಸಿನಿಂದ ಬಂದರೆ "ಚಹಾ", ಅತ್ತೆ ಜಪ ಮುಗಿಸಿದರೆ "ಚಹಾ", ನೆಂಟರು ಬಂದು ಚಪ್ಪಲಿ ಬಿಡುವ ಮೊದಲೇ "ಚಹಾ". ಕೆಳಗೆ ಪಾರ್ಕಿಂಗಿನ ಮೂರನೇ ನಂಬರ್ ಜಾಗಕ್ಕೆ ಇಳಿದರೆ ಮಾತ್ರ ಅದೇ ತ್ರಿವೇಣಿ "ಅಕ್ಕಾರ" ಆಗುತ್ತಿದ್ದಳು. ಈ ಬಡ್ತಿಗೆ ಬೇಕಾಗಿದ್ದದ್ದು ಒಂದು ಗ್ಯಾಸ್ ಒಲೆ, ಒಂದು ಕಬ್ಬಿಣದ ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ, ಮತ್ತು ಆ ಜಾಗ. ಚಾಕಣ, ತಳೇಗಾಂವದ ಕಾರ್ಖಾನೆಗಳಲ್ಲಿ ದುಡಿಯುತ್ತ, ಮೆಸ್ಸಿನ ಚಪಾತಿ ಜಗಿದು ದವಡೆ ನೋಯಿಸಿಕೊಂಡ ನಮ್ಮ ಕಡೆಯ ಹುಡುಗರೆಲ್ಲ ರವಿವಾರ ಬಂದು ಅಲ್ಲಿ ಸಾಲು ನಿಲ್ಲುತ್ತಿದ್ದರು. "ಅಕ್ಕಾರ, ನಂದೊಂದ್ ಕಟ್ಟ ಕಡಕ ರೊಟ್ಟಿ ತಗದ ಇಡ್ರಿ", "ಅಕ್ಕಾರ, ಶೇಂಗಾ ಚಟ್ನಿ ಖಾರ ಜರಾ ಜಾಸ್ತಿ ಇರ್ಲಿ". ತ್ರಿವೇಣಿ ಅವರನ್ನು ಬೈದು, ಕೊಸರಾಡಿ, ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ಅದು ಅವಳ ರಾಜ್ಯ.

ಆ ರಾಜ್ಯಕ್ಕೆ ಕುತ್ತು ಬಂದದ್ದು ಒಂದು ವ್ಯಾನಿನ ರೂಪದಲ್ಲಿ.

ಪುಣೆಯ ಕೋಥ್ರೂಡಿನ ಸ್ವಾನಂದ ಸಹಕಾರಿ ಗೃಹರಚನಾ ಸಂಸ್ಥೆಯಲ್ಲಿ ಮಹಡಿಗಳು ಮೂರು, ಲಿಫ್ಟ್ ಸೊನ್ನೆ, ನಿಯಮಗಳು ಮಾತ್ರ ಮುಗಿಲು ಮುಟ್ಟುವಷ್ಟು. ಮೊದಲ ಮಹಡಿಯ ಸುಬ್ಬಯ್ಯ ಕುಂದಾಪುರದ ಕಡೆಯವರು, ಕರ್ವೆ ರಸ್ತೆಯಲ್ಲಿ ಹೋಟೆಲು. ಎರಡು ಸಾವಿರದ ನಾಲ್ಕನೇ ಇಸವಿಯ ಗಣಪತಿ ಹಬ್ಬಕ್ಕೆ ಅವರು ತರಕಾರಿ ತರಲೆಂದು ಬಿಳಿ ವ್ಯಾನು ಕೊಂಡರು. ವ್ಯಾನು ರಸ್ತೆಯ ಆಲದ ಮರದ ಕೆಳಗೆ ನಿಂತಿತು. ವಾರದೊಳಗೆ ಕಾಗೆಗಳು ಅದರ ಬಣ್ಣ ಬದಲಾಯಿಸಿದವು. ಸುಬ್ಬಯ್ಯನವರ ಕಣ್ಣು ಮೂರನೇ ನಂಬರಿನ ಮೇಲೆ ಬಿತ್ತು.

ಕೂಡಲೇ ಟೆರೇಸಿನ ಮೇಲೆ ಸಭೆ. ಸೆಕ್ರೆಟರಿ ಆಗಾಶೆ ಕಾಕಾ ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ಕಾಕಾ ಮಾತಾಡುವುದು ಮರಾಠಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಖಾರ ಇಳಿಸಲು ಆಗಿಲ್ಲ.

"ಠರಾವು ಸರಳವಾಗಿದೆ. ನಾಲ್ಕು ಚಕ್ರದ ಸ್ವಂತ ವಾಹನ ಇದ್ದವರಿಗೆ ಪಾರ್ಕಿಂಗ್. ಇಲ್ಲದವರು ದಸರೆಯೊಳಗೆ ತರಬೇಕು, ಇಲ್ಲವೇ ಜಾಗ ಬಿಡಬೇಕು. ಪಾರ್ಕಿಂಗಿನಲ್ಲಿ ರೊಟ್ಟಿ ಬೇಯಿಸುವ ಪದ್ಧತಿ ಜಗತ್ತಿನ ಯಾವ ದೇಶದಲ್ಲಿದೆ ಎಂದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಹಿಂದೆ ನೀರಿನ ಟಾಕಿಗೆ ಒರಗಿ ನಿಂತಿದ್ದ ತ್ರಿವೇಣಿಯ ಗಂಡ ಮಾಂತು ಎತ್ತುತ್ತಿದ್ದನೋ ಏನೋ, ಆದರೆ ಅವನ ಬಲಗೈಯ ಎರಡು ಬೆರಳು ಗೋಂದಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು. ಅದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ಸುಬ್ಬಯ್ಯ ತಿರುಗಿ ನೋಡಿ ಸಂಕಟದ ಮುಖ ಮಾಡಿದರು. "ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೆ. ನಿಮ್ಮ ಸ್ಕೂಟರಿಗೆ ಪಾರ್ಕಿಂಗ್ ಎಂತಕ್ಕೆ? ಅದನ್ನು ರಸ್ತೆಲಿ ಬಿಟ್ರೆ ಕಳ್ಳ ಸಹ ಮುಟ್ಟುದಿಲ್ಲ. ಮುಟ್ಟಿದ್ರೂ ಕಿಕ್ ಹೊಡ್ದು ಹೊಡ್ದು ಬೆಳಗಾಗಿ ಸಿಕ್ಕಿ ಬೀಳ್ತಾನೆ."

ಇದನ್ನವರು ಮರಾಠಿಯಲ್ಲೂ ಹೇಳಿದರು, ಯಾರೂ ವಂಚಿತರಾಗದಿರಲಿ ಎಂದು. ಟೆರೇಸು ನಕ್ಕಿತು. ಸಾಲದ್ದಕ್ಕೆ, ಮಾಂತುವಿನ ತಾಯಿ ಭೀಮವ್ವ ಕೂಡ ನಕ್ಕಳು.

ಅಲ್ಲಿ ಮಾಂತುವಿನ ಮೀಸೆ ಅದುರಿತು. "ನಮ್ಮದೂ ಗಾಡಿ ತಯಾರ ಆಗಾಕತ್ತದ ರೀ!" ಎಂದುಬಿಟ್ಟ. ಯಾರಿಗೂ ತಿಳಿಯಲಿಲ್ಲವೆಂದು ಮರಾಠಿಯಲ್ಲಿ ಇನ್ನೂ ಜೋರಾಗಿ ಹೇಳಿದ, "ಆಮಚಿ ಪಣ ಗಾಡಿ ಯೇತೇಯ್!"

"ಯಾವ ಗಾಡಿ?" ಎಂದರು ಆಗಾಶೆ ಕಾಕಾ.

"ಅಮೆರಿಕದ್ದು. ಅರವತ್ತೊಂಬತ್ತರ ಮಾಡೆಲ್ಲು. ಎರಡ ಬಾಗಲಾ, ಎಂಟ ಸಿಲಿಂಡರ್ ಇಂಜಿನ್. ಮಸಲ್ ಕಾರ್ ಅಂತಾರ ಅದಕ್ಕ."

ಸ್ವಾನಂದ ಸೊಸಾಯಿಟಿಯ ಇತಿಹಾಸದಲ್ಲಿ ಮೊದಲ ಸಲ ಒಂದು ಸಭೆ ತೆಪ್ಪಗಾಯಿತು.

ಈಗ ಆ ಗಾಡಿಯ ವಿಷಯ. ಮಾಂತು ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲಾರ್ಕ್. ಅಲ್ಲಿಗೆ ಹೊಸ ಯಂತ್ರ ಕೂಡಿಸಲು ಬಂದಿದ್ದ ಅಮೆರಿಕದ ಇಂಜಿನಿಯರನೊಬ್ಬನಿಗೆ ಮಾಂತು ದಿನಾ ತನ್ನ ಡಬ್ಬಿಯಿಂದ ಕಡಕ ರೊಟ್ಟಿ ಕೊಡುತ್ತಿದ್ದ. ಆತ ಅದನ್ನು ಬಿಸ್ಕೀಟು ಎಂದುಕೊಂಡು ಕಾಫಿಯಲ್ಲಿ ಅದ್ದಿ ತಿಂದು, ಊರಿಗೆ ಹೋಗುವಾಗ ಕಣ್ಣು ಒದ್ದೆ ಮಾಡಿಕೊಂಡು ಒಂದು ರಟ್ಟಿನ ಪೆಟ್ಟಿಗೆ ಕೈಗಿಟ್ಟ. ಒಳಗೆ ಪ್ಲಾಸ್ಟಿಕ್ಕಿನ ಮಾಡೆಲ್ ಕಾರಿನ ಕಿಟ್ಟು. ನಿಜವಾದ ಗಾಡಿಯನ್ನು ಇಪ್ಪತ್ನಾಲ್ಕು ಪಟ್ಟು ಚಿಕ್ಕದು ಮಾಡಿ, ಬಿಡಿ ಬಿಡಿ ಮಾಡಿ, ಟೊಂಗೆಗೆ ಕಾಯಿ ಹತ್ತಿದಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಸಿಟ್ಟಿದ್ದರು. ಒಂದೊಂದೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಗೇಣುದ್ದದ ಗಾಡಿ ಆಗುತ್ತದೆ. ಆವತ್ತಿನಿಂದ ಮಾಂತುವಿಗೆ ಊಟ ರುಚಿಸಲಿಲ್ಲ, ಟೀವಿ ಬೇಡವಾಯಿತು, ಬೆರಳುಗಳು ಒಂದೊಂದಾಗಿ ಬಿಡಿಸಲು ಬಾರದಂತಾದವು.

ಆದ್ದರಿಂದ ಸಭೆಯಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಲು ಸ್ವಲ್ಪ ಬುದ್ಧಿ ಬೇಕಾಗುತ್ತದೆ.

"ಅಲ್ರೀ," ಎಂದಳು ತ್ರಿವೇಣಿ, ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ. "ಆ ಗಾಡ್ಯಾಗ ಯಾರ್ ಕುಂದ್ರಾವ್ರು? ಇರುವಿಗೆ ಡ್ರೈವಿಂಗ್ ಕಲಸ್ತೀರೇನು?"

"ಮಾತಿಗೆ ಅಂದೆ ಬಿಡ. ನಾಕ ದಿನಕ್ಕ ಮಂದಿ ಮರತ ಬಿಡ್ತಾರ."

"ಪುಣೇದಾಗ?" ಎಂದಳು ತ್ರಿವೇಣಿ.

ಮಾಂತು ಅಂಟಿದ ಬೆರಳು ಬಿಡಿಸತೊಡಗಿದ.

"ನೋಡ್ರಿ, ನಿಮ್ಮ ಆಟಿಗಿ ಸಾಮಾನ ನನಗ ಬ್ಯಾಡ, ನಿಮ್ಮ ಮಸಲೂ ಬ್ಯಾಡ. ನನ್ನ ಹಂಚ ಇಡೂ ಜಾಗಾ ಹೋಗಬಾರ್ದು. ಅಷ್ಟ ನೋಡ್ಕೋರಿ."

"ಹೋಗೂದಿಲ್ಲ. ನಾ ಅದೀನಲ್ಲ!" ಎಂದ ಮಾಂತು. ತ್ರಿವೇಣಿಗೆ ಅದೇ ಚಿಂತೆ.

ಮರುದಿನ ಬೆಳಿಗ್ಗೆ ಜಿನೆಯ, ಅಂದರೆ ಮೆಟ್ಟಿಲುಗಳ, ಬುಡದಲ್ಲಿ ಕಾಕಾರ ನೋಟೀಸು. ಸಾರಾಂಶ ಇಷ್ಟು: "ಮೂರನೇ ನಂಬರಿಗೆ ಅಮೆರಿಕನ್ ವಾಹನ ಬರುತ್ತಿದೆ. ಮಕ್ಕಳು ಅದರ ಮೇಲೆ ಹೆಸರು ಕೊರೆಯಬಾರದು. ದೊಡ್ಡವರು ಒರಗಬಾರದು. ಇದು ಸಲಹೆ ಎಂದುಕೊಂಡವರು ಮತ್ತೊಮ್ಮೆ ಓದಿ."

ನೋಟೀಸು ಬಿದ್ದ ಮೇಲೆ ಮಾಂತುವಿನ ಬದುಕು ಬದಲಾಯಿತು. ಈವರೆಗೆ ಅವನನ್ನು ಮೀಟರ್ ಬಾಕ್ಸಿನಂತೆ ದಾಟಿ ಹೋಗುತ್ತಿದ್ದ ಜನ ನಿಂತು ಮಾತಾಡಿಸತೊಡಗಿದರು. ಅವನಿಗೂ ಅದು ಹಿತವಾಯಿತು. ಕೇಳಿದ ಪ್ರತಿಯೊಂದಕ್ಕೂ ನಿಜವನ್ನೇ ಹೇಳಿದ, ಗಾತ್ರವೊಂದನ್ನು ಬಿಟ್ಟು.

"ಎಲ್ಲಿಗೆ ಬಂತು ಕೆಲಸ?" ಎಂದರು ಆಗಾಶೆ ಕಾಕಾ ಜಿನೆಯಲ್ಲಿ ಅಡ್ಡಗಟ್ಟಿ.

"ಇಂಜಿನ್ ನಿನ್ನೆ ಕೂಡಿಸಿದೆ ಕಾಕಾ."

"ಎಲ್ಲಿ?"

"ಊಟದ ಟೇಬಲ್ ಮ್ಯಾಲ."

ಕಾಕಾರ ಮನೆ ಎರಡನೇ ಮಹಡಿ, ಮಾಂತುವಿನ ಊಟದ ಟೇಬಲ್ಲಿನ ನೇರ ಕೆಳಗೆ. ಅವರು ತಲೆಯೆತ್ತಿ ಛಾವಣಿ ನೋಡಿದರು. ಮರುದಿನ ಎರಡನೇ ನೋಟೀಸು: "ಸ್ಲ್ಯಾಬನ್ನು ಮನುಷ್ಯರ ಭಾರಕ್ಕೆಂದು ಹಾಕಲಾಗಿದೆ. ಎಂಟು ಸಿಲಿಂಡರಿನ ಇಂಜಿನ್ನುಗಳನ್ನು ಟೇಬಲ್ಲಿನ ಮೇಲೆ ಇಡುವವರು ಕೆಳಗಿನ ಮನೆಯವರ ತಲೆಯ ವಿಚಾರವನ್ನೂ ಮಾಡಬೇಕು." ಆವತ್ತಿನಿಂದ ಕಾಕಾ, ಅವರ ಹೆಂಡತಿ ಮಾಧುರಿ ಕಾಕು ಇಬ್ಬರೂ ಹಾಸಿಗೆಯನ್ನು ಗೋಡೆಯ ಬದಿಗೆ ಸರಿಸಿಕೊಂಡು ಮಲಗಿದರು.

"ಬಣ್ಣ ಎಲ್ಲಿ ಹೊಡೆಯುತ್ತೀರಿ?" ಎಂದರು ಕಾಕಾ ಮತ್ತೊಂದು ದಿನ.

"ಬಚ್ಚಲಮನ್ಯಾಗ."

"ಬಚ್ಚಲಮನೆಯ ಬಾಗಿಲಲ್ಲಿ ಹಿಡಿಯುತ್ತದೆಯೇ?"

"ಆರಾಮ ಹಿಡೀತದ ಕಾಕಾ. ಇನ್ನೂ ಜಾಗಾ ಉಳೀತದ."

ಕಾಕಾ ಮಾತಿಲ್ಲದೆ ಮನೆಗೆ ಹೋಗಿ ತಮ್ಮ ಬಚ್ಚಲಮನೆಯ ಬಾಗಿಲಿಗೆ ಟೇಪು ಹಿಡಿದರು.

ಇತ್ತ ಮಾಂತು ಗಾಡಿಯನ್ನು ಇದ್ದಂತೆ ಬಿಡುವವನಲ್ಲ. ಕಿಟ್ಟಿನ ಪೆಟ್ಟಿಗೆಯಲ್ಲಿ ತೋರಿಸಿದ ಹಾಗೆಯೇ ಮಾಡಿದರೆ ಅದು ಅವರ ಗಾಡಿ ಆಯಿತು, ನಮ್ಮದು ಹೇಗಾಗುತ್ತದೆ? ಅಮೆರಿಕದ ಗಾಡಿಗೆ ಸ್ಟಿಯರಿಂಗು ಎಡಗಡೆ. ನಮ್ಮ ಆರ್‌ಟಿಓ ಒಪ್ಪುವುದಿಲ್ಲವೆಂದು ಡ್ಯಾಶ್‌ಬೋರ್ಡನ್ನು ಬ್ಲೇಡಿನಲ್ಲಿ ಕೊಯ್ದು, ಬಲಗಡೆಗೆ ಕೂಡಿಸಿದ. ಆರ್‌ಟಿಓದವರು ಕೇಳುವುದೇ ಇಲ್ಲವಲ್ಲ ಎಂದು ತ್ರಿವೇಣಿ ಹೇಳಿದರೆ, "ಹಂಗಂತ ಕಾನೂನ ಮುರೀಲೇನು?" ಎಂದ. ಬಾನೆಟ್ಟಿನ ಮೇಲೆ ಗಾಳಿ ನುಂಗುವ ಮೂಗೊಂದು ಬೇಕೆನಿಸಿತು, ಟೂತ್‌ಪೇಸ್ಟಿನ ಮುಚ್ಚಳ ಸೀಳಿ ಅಂಟಿಸಿದ. ಎರಡು ದಪ್ಪ ಸೈಲೆನ್ಸರಿಗೆ ಬಾಲ್‌ಪೆನ್ನಿನ ಖಾಲಿ ರಿಫಿಲ್ಲು. ಸೀಟಿಗೆ ತ್ರಿವೇಣಿಯ ಖಣದ ಕುಪ್ಪಸದ ತುಣುಕು, ಅದನ್ನು ಅವಳಿಗೆ ಕೇಳದೆ ಕತ್ತರಿಸಿದ್ದು, ಅದೂ ಬೆನ್ನಿನ ಕಡೆಯಿಂದ. ಸಂದಿಗಳಿಗೆ ಪುಟ್ಟಿ ಮೆತ್ತಿ, ನೀರಿನಲ್ಲಿ ಅದ್ದಿದ ಎಮರಿ ಕಾಗದದಿಂದ ತಿಕ್ಕಿ ತಿಕ್ಕಿ ಗಾಡಿಯ ಮೈ ಸೋರೆಕಾಯಿಯಂತೆ ನುಣುಪು ಮಾಡಿದ.

ಬಣ್ಣದ ವಿಷಯದಲ್ಲಿ ಭೀಮವ್ವ ಅಡ್ಡ ಬಂದಳು. "ಕೆಂಪ ಬ್ಯಾಡೋ ಮಾಂತ್ಯಾ. ಮೈಲಾರಲಿಂಗನ ಭಂಡಾರದ ಬಣ್ಣಾ ಹಚ್ಚು."

"ಯವ್ವಾ, ಮಸಲ್ ಕಾರು ಅರಿಷಿಣ ಬಣ್ಣದ್ದ ಇರೂದಿಲ್ಲ."

"ಯಾಕ, ಅಮೆರಿಕಾದಾಗ ದೇವರಿಲ್ಲೇನು?"

ಮಾಂತು ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗೆ ಹೋಗಿ ಹಳದಿ ಸ್ಪ್ರೇ ಡಬ್ಬಿ ತಂದ. ಹಳದಿ ಮೈಗೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎರಡು ಕರಿ ಪಟ್ಟೆ. ಹಿಂದಿನ ಗಾಜಿನ ಮೇಲೆ ಒಂದೇ ಕೂದಲಿನ ಕುಂಚದಿಂದ "ಮೈಲಾರಲಿಂಗ ಪ್ರಸನ್ನ" ಎಂದು ಬರೆಯುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂತು. ಭಕ್ತಿಯಿಂದ ಎಂದು ಭೀಮವ್ವ ತಿಳಿದಳು.

ಆದರೆ ಸೊಸಾಯಿಟಿಯವರ ತಲೆಯನ್ನು ಬೇರೊಂದು ಪ್ರಶ್ನೆ ಕೊರೆಯುತ್ತಿತ್ತು. ಇಷ್ಟು ದೊಡ್ಡ ಗಾಡಿಯ ಸಾಮಾನು ಮೂರನೇ ಮಹಡಿಗೆ ಏರುವುದನ್ನು ಯಾರೂ ನೋಡಿಲ್ಲ. ಹಾಗಾದರೆ ಬರುತ್ತಿರುವುದು ಹೇಗೆ? ಒಗಟು ಬಿಡಿಸಿದವರು ಮಾಧುರಿ ಕಾಕು.

"ಅವನ ಡಬ್ಬಿ ನೋಡಿದಿರಾ? ನಾಲ್ಕು ಅಂತಸ್ತಿನದು! ಒಬ್ಬ ಮನುಷ್ಯ ಅಷ್ಟು ಉಣ್ಣುತ್ತಾನೆಯೇ? ಕೆಲಸ ಎಲ್ಲಿ? ಚಾಕಣದಲ್ಲಿ. ಅಲ್ಲಿ ಏನು ತಯಾರಾಗುತ್ತದೆ? ಗಾಡಿ. ಬೆಳಿಗ್ಗೆ ಡಬ್ಬಿಯಲ್ಲಿ ರೊಟ್ಟಿ ಹೋಗುತ್ತದೆ, ಸಂಜೆ ಡಬ್ಬಿಯಲ್ಲಿ ಗಾಡಿ ಬರುತ್ತದೆ."

ಲೆಕ್ಕ ಸರಿಹೋಯಿತು. ಆ ದಿನದಿಂದ ಸಂಜೆ ಕಂಪನಿಯ ಬಸ್ಸು ಬರುವ ಹೊತ್ತಿಗೆ ಬಾಲ್ಕನಿಗಳಲ್ಲಿ ಜನ. ಮಾಂತು ಡಬ್ಬಿಯನ್ನು ಎಡಗೈಗೆ ಬದಲಿಸಿದರೆ "ಇವತ್ತು ಗೇರ್ ಬಾಕ್ಸ್" ಎನ್ನುವರು, ಆಡಿಸುತ್ತ ಬಂದರೆ "ಸೀಟ್ ಕವರ್" ಎನ್ನುವರು. ಸ್ವಾನಂದ ಸೊಸಾಯಿಟಿಯವರು ತುಂಬ ಪ್ರಾಮಾಣಿಕರು, ನೀತಿವಂತರು. ಆದ್ದರಿಂದ ಇದನ್ನು ಕಳ್ಳತನ ಎಂದು ಒಬ್ಬರೂ ಅನ್ನಲಿಲ್ಲ. ಒಬ್ಬೊಬ್ಬರಾಗಿ, ಮತ್ತೊಬ್ಬರು ಇಲ್ಲದ ಹೊತ್ತು ನೋಡಿ ಮಾಂತುವಿನ ಬಾಗಿಲು ತಟ್ಟಿದರು, ಅಷ್ಟೇ.

"ನಮ್ಮ ಅಳಿಯನ ಗಾಡಿಗೆ ಬಲಗಡೆಯ ಕನ್ನಡಿ ಒಡೆದಿದೆ. ನಿಮ್ಮ ಡಬ್ಬಿಯಲ್ಲಿ ಜಾಗ ಇದ್ದಾಗ ನೋಡಿ, ಗಡಿಬಿಡಿ ಇಲ್ಲ" ಎಂದರು ಒಬ್ಬರು. ಮತ್ತೊಬ್ಬರು ವೈಪರು ಕೇಳಿದರು, "ಜೋಡಿ ಸಿಕ್ಕರೆ ಒಳ್ಳೆಯದು" ಎಂದರು. ಮಾಂತುವಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಗೌರವ ಕೊಟ್ಟು ಕೇಳುತ್ತಿದ್ದಾರಲ್ಲ ಎಂದು, "ನೋಡೂನ್ರಿ" ಎಂದು ಎಲ್ಲರಿಗೂ ಹೇಳಿ ಕಳಿಸಿದ.

ಸುಬ್ಬಯ್ಯ ಮಾತ್ರ ಏನೂ ಕೇಳಲಿಲ್ಲ. ಅವರ ಹೋಟೆಲಿಗೆ ದಿನಾ ಸಂಜೆ ಮಸಾಲೆ ದೋಸೆಗೆ ಬರುವ ಗಿರಾಕಿಗಳಲ್ಲಿ ಧುಮಾಳ ಸಾಹೇಬ ಒಬ್ಬ. ಮಾಂತುವಿನ ಕಾರ್ಖಾನೆಯ ಸೆಕ್ಯುರಿಟಿ ಆಫೀಸರು. ಸುಬ್ಬಯ್ಯ ಖುದ್ದಾಗಿ ಚಟ್ನಿ ಬಡಿಸುತ್ತ ಮೆಲ್ಲಗೆ, "ನಿಮ್ಮ ಫ್ಯಾಕ್ಟರಿಲಿ ಸಾಮಾನು ಎಲ್ಲ ಸಮ ಉಂಟಲ್ಲ ಸಾಹೇಬ್ರೆ? ಅಲ್ಲ, ಸುಮ್ಮನೆ ಕೇಳಿದೆ" ಎಂದರು. ಧುಮಾಳನ ಕೈಯಲ್ಲಿ ದೋಸೆ ನಿಂತಿತು.

ಎರಡೇ ದಿನಕ್ಕೆ ಗೇಟಿನಲ್ಲಿ ಮಾಂತುವಿನ ಡಬ್ಬಿ ತೆರೆಸಿದರು. ಆವತ್ತು ಗ್ರಹಚಾರಕ್ಕೆ ಗಾಡಿಯ ಒಂದು ಟಯರು ಅಚ್ಚಿಗೆ ಬಿಗಿಯಾಗಿತ್ತು. ಟೂಲ್ ರೂಮಿನ ಗೆಳೆಯನ ಹತ್ತಿರ ತೂತು ದೊಡ್ಡದು ಮಾಡಿಸಿಕೊಂಡು, ಕಳೆಯದಿರಲೆಂದು ಪಲ್ಯದ ಅಂತಸ್ತಿನಲ್ಲಿ ಇಟ್ಟುಕೊಂಡಿದ್ದ.

"ಹೇ ಕಾಯ? ಏನಿದು?" ಎಂದ ಗಾರ್ಡು, ಕೋಟಿನ ಗುಂಡಿಯಷ್ಟಿದ್ದದ್ದನ್ನು ಚಿವುಟಿ ಎತ್ತಿ.

"ಟಾಯರ್," ಎಂದ ಮಾಂತು ಪ್ರಾಮಾಣಿಕವಾಗಿ.

ಗಾರ್ಡು ಅದನ್ನು ಮತ್ತೆ ಪಲ್ಯಕ್ಕೆ ಹಾಕಿ, ವೈರ್‌ಲೆಸ್ಸಿನಲ್ಲಿ ಸಾಹೇಬರಿಗೆ ವರದಿ ಒಪ್ಪಿಸಿದ: ಡಬ್ಬಿಯಲ್ಲಿ ಒಂದು ಟಯರ್ ಸಿಕ್ಕಿದೆ. ಹೆಚ್ಚಿನ ವಿವರ ಕೊಡುವುದು ಅವನ ಕೆಲಸವಲ್ಲ, ಅವನ ಡ್ಯೂಟಿ ಐದಕ್ಕೆ ಮುಗಿಯುತ್ತಿತ್ತು.

ಧುಮಾಳ ಸಾಹೇಬ ಆ ಕಡೆಯಿಂದ, "ಬಿಟ್ಟುಬಿಡು. ಈಗ ಹಿಡಿದರೆ ಟಯರ್ ಸಿಗುತ್ತದೆ. ಬಿಟ್ಟರೆ ಇಡೀ ಗಾಡಿ ಸಿಗುತ್ತದೆ" ಎಂದ. ಆಮೇಲೆ ಒಬ್ಬನೇ ಕೂತು, ಡಬ್ಬಿಯಲ್ಲಿ ಟಯರ್ ಹೇಗೆ ಹಿಡಿಸಿದನಪ್ಪಾ ಎಂದು ಆಶ್ಚರ್ಯಪಟ್ಟ. ಗಾಳಿ ಬಿಟ್ಟು ಮಡಚಿರಬೇಕು.

ಖಂಡೆ ನವಮಿ ಬಂತು. ಕತ್ತಿ ಕುಡುಗೋಲಿನಿಂದ ಹಿಡಿದು ಟ್ರಾಕ್ಟರಿನವರೆಗೆ ಎಲ್ಲದಕ್ಕೂ ಪೂಜೆಯ ದಿನ. ಹಿಂದಿನ ದಿನ ತ್ರಿವೇಣಿ ಮೂರನೇ ನಂಬರಿನಲ್ಲಿ ಕಡೆಯ ಕಟ್ಟು ರೊಟ್ಟಿ ಬಡಿದಳು. "ಅಕ್ಕಾರ, ಮುಂದಿನ ರವಿವಾರಾ ಇಲ್ಲೇ ಅಲ್ರಿ?" ಎಂದು ಹುಡುಗನೊಬ್ಬ ಕೇಳಿದ. ಅವಳು ಚಟ್ನಿ ಪುಡಿಗೆ ಗಂಟು ಹಾಕುತ್ತಲೇ ಇದ್ದಳು. ಎಲ್ಲರೂ ಹೋದ ಮೇಲೆ ಹಂಚು ತೊಳೆದಳು. ಕಬ್ಬಿಣದ ಹಂಚನ್ನು ಯಾರೂ ಅಷ್ಟು ಹೊತ್ತು ತೊಳೆಯುವುದಿಲ್ಲ. ಕೊಣಮಿಗೆ, ಹಂಚು, ಒಲೆ ಎಲ್ಲ ಚೀಲಕ್ಕೆ ತುಂಬಿ ಗೋಡೆಗೆ ಒರಗಿಸಿ ಇಟ್ಟಳು.

"ತ್ರಿವೇಣಿ, ನಾಳಿಗೆ ಏನರೇ ದಾರಿ ಸಿಗತದ," ಎಂದ ಮಾಂತು.

"ಸಿಗಲಿ. ನಿಮ್ಮ ಗಾಡಿ ಹೋಗೂವಷ್ಟರೇ ಸಿಗಲಿ."

ಮರುದಿನ ಬೆಳಿಗ್ಗೆ ಮೂರನೇ ನಂಬರಿನಲ್ಲಿ ರಂಗೋಲಿ, ಚೆಂಡುಹೂವಿನ ಮಾಲೆ, ಮಾವಿನ ತೋರಣ. ಇಷ್ಟು ಸಡಗರ ಆ ಸೊಸಾಯಿಟಿಯಲ್ಲಿ ನೀರಿನ ಪಂಪು ಬಂದಾಗಲೂ ಆಗಿರಲಿಲ್ಲ. ಆಗಾಶೆ ಕಾಕಾ ಕೋಸಂಬರಿಯಿಂದ ಹಿಡಿದು ಭಾಷಣದವರೆಗೆ ಎಲ್ಲ ಏರ್ಪಾಟು ಮಾಡಿದ್ದರ ಜೊತೆಗೆ, ಗಾಡಿಯನ್ನು ಮೂರನೇ ಮಹಡಿಯಿಂದ ಇಳಿಸಲು ಮಾರ್ಕೆಟ್ ಯಾರ್ಡಿನಿಂದ ನಾಲ್ಕು ಮಂದಿ ಹಮಾಲರನ್ನು ಹಗ್ಗದ ಸಮೇತ ಕರೆಸಿದ್ದರು. ಜಿನೆಯ ಕಟಾಂಜನಕ್ಕೆ ತರಚದಿರಲೆಂದು ಹಳೆಯ ಗೋಣಿಚೀಲ ಸುತ್ತಿಸಿದ್ದರು. ಸುಬ್ಬಯ್ಯ ವ್ಯಾನನ್ನು ಗೇಟಿನ ಬಾಯಲ್ಲೇ ತಂದು, ಇಂಜಿನ್ ಬಂದ್ ಮಾಡದೆ ನಿಲ್ಲಿಸಿಕೊಂಡಿದ್ದರು. ಗಾಡಿ ಬಾರದಿದ್ದರೆ ಒಂದು ನಿಮಿಷವೂ ಹಾಳಾಗಬಾರದಲ್ಲ.

ಅಷ್ಟರಲ್ಲಿ ಜೀಪೊಂದು ಬಂದು ವ್ಯಾನಿನ ಹಿಂದೆ ನಿಂತಿತು. ಅದರ ಹಿಂದೆ, ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಕ್ರೇನು. ಧುಮಾಳ ಸಾಹೇಬ ಇಳಿದ.

"ಯಾರೂ ಕದಲಬೇಡಿ. ಗಾಡಿ ಎಲ್ಲಿ?"

ನಾಲ್ಕು ಅಂತಸ್ತಿನ ಡಬ್ಬಿಯ ಬಗ್ಗೆ ಗೊತ್ತಿದ್ದವರೆಲ್ಲ ಗೋಡೆಯ ಕಡೆಗೆ ಸರಿದರು. ಅಳಿಯನಿಗೆ ಕನ್ನಡಿ ಕೇಳಿದವರು ತಮಗೆ ಅಳಿಯನೇ ಇಲ್ಲವೆನ್ನುವ ಮುಖ ಮಾಡಿದರು. ಮಾಂತು ಮುಂದೆ ಬಂದ. "ಸಾಹೇಬ್ರ, ನೀವ್ ಇಲ್ಲಿ ಯಾಕ..." ಎಂದ.

"ಡಬ್ಬಿಯಲ್ಲಿ ಟಯರ್ ಒಯ್ದವನು ನೀನೇ ಅಲ್ಲವೇ?"

"ಹೌದ್ರಿ."

ಒಪ್ಪಿಕೊಂಡೇ ಬಿಟ್ಟ!

ಆಗ ಜಿನೆಯ ಮೇಲಿನಿಂದ "ಏಳು ಕೋಟಿ ಏಳು ಕೋಟಿ" ಎಂದು ಮೈಲಾರಲಿಂಗನ ಜೈಕಾರ ಗರ್ಜಿಸುತ್ತ ಭೀಮವ್ವ ಇಳಿದು ಬಂದಳು. ಹಣೆ ತುಂಬ ಭಂಡಾರ, ಕೈಯಲ್ಲಿ ಹಿತ್ತಾಳೆಯ ತಬಕ. ಕೆಳಗೆ ಬಂದವಳೇ ರಂಗೋಲಿಯ ನಟ್ಟನಡುವೆ ಹಳದಿ ಬಣ್ಣದ, ಗೇಣುದ್ದದ ವಸ್ತುವೊಂದನ್ನು ಇಟ್ಟು, ಹೂವು ಏರಿಸಿ, ಕೈಮುಗಿದಳು.

ಎಲ್ಲರೂ ಅವಳ ಹಿಂದೆ ಜಿನೆಯ ಕಡೆ ನೋಡುತ್ತ ನಿಂತರು. ಹಮಾಲರು ಹಗ್ಗ ಬಿಚ್ಚಿದರು.

"ಸ್ಯಾಂಪಲ್ ಚೆನ್ನಾಗಿದೆ," ಎಂದರು ಆಗಾಶೆ ಕಾಕಾ. "ಗಾಡಿ?"

ಭೀಮವ್ವನಿಗೆ ಮರಾಠಿ ಬಾರದು, ಆದರೆ ಪ್ರಶ್ನೆ ತಿಳಿಯಿತು. "ಇದ ಗಾಡಿ," ಎಂದಳು. ನಿಂಬೆಹಣ್ಣು ಕೈಗೆತ್ತಿಕೊಂಡು, ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆ ಇಟ್ಟು ಹಾಯಿಸುವ ಪದ್ಧತಿಯಂತೆ ಕೂತಳು. ಕೂತವಳು ಹಾಗೇ ಉಳಿದಳು. ಒಂದೊಂದು ನಿಂಬೆಹಣ್ಣೂ ಗಾಲಿಯ ಎರಡರಷ್ಟು ಎತ್ತರ. ಗಾಡಿ ನಿಂಬೆಯ ಮೇಲೆ ಹಾಯಬೇಕೋ, ನಿಂಬೆ ಗಾಡಿಯ ಮೇಲೆ ಹಾಯಬೇಕೋ ಅವಳಿಗೆ ಬಗೆಹರಿಯಲಿಲ್ಲ. ಕಡೆಗೆ ಸೊಂಟದ ಸಂಚಿಯಿಂದ ನಾಲ್ಕು ಲವಂಗ ತೆಗೆದು ಇಟ್ಟಳು. ದೇವರು ಒಪ್ಪಿಕೊಂಡಿರಬೇಕು, ಗಾಡಿ ಸರಾಗ ಹಾಯಿತು.

ಧುಮಾಳ ಸಾಹೇಬ ಮೊಣಕಾಲೂರಿದ. ಗಾಡಿ ಎತ್ತಿ ಹೊಟ್ಟೆಯ ಕಡೆ ನೋಡಿದ, ಬಾನೆಟ್ಟು ತೆಗೆದು ಮುಚ್ಚಿದ. "ನಮ್ಮ ಕಾರ್ಖಾನೆಯ ಸಾಮಾನು ಇದರಲ್ಲಿ ಯಾವುದಿದೆ?"

"ಒಂದೂ ಇಲ್ರಿ ಸಾಹೇಬ್ರ. ಸೀಟ ನಮ್ಮ ಮನ್ಯಾಕಿ ಕುಪ್ಪಸದ್ದು. ಮ್ಯಾಲಿನ ಮೂಗ ಟೂತ್‌ಪೇಸ್ಟಿಂದು. ಸೈಲೆನ್ಸರ್ ಪೆನ್ನಿನ ರಿಫಿಲ್ಲು..."

"ಪೆನ್ನು ಯಾರದು?"

ಮಾಂತು ತಲೆ ತಗ್ಗಿಸಿದ. "ಕಂಪನೀದು. ಆದ್ರ ಶಾಯಿ ಮುಗದಿತ್ರಿ."

ಧುಮಾಳ ಸಾಹೇಬ ಹೊರಗಿದ್ದ ಕ್ರೇನಿನ ಕಡೆ ನೋಡಿದ, ಗಾಡಿಯ ಕಡೆ ನೋಡಿದ, ಆಮೇಲೆ ಸುಬ್ಬಯ್ಯನವರ ಕಡೆ ಬಹಳ ಹೊತ್ತು ನೋಡಿದ. "ಇನ್ನು ಮುಂದೆ ನಾನು ದೋಸೆ ಬೇರೆ ಕಡೆ ತಿನ್ನುತ್ತೇನೆ" ಎಂದು ಜೀಪು ಹತ್ತಿದ. ಕ್ರೇನು ಹಿಂದೆ ಹಿಂದೆ ಸರಿದು, ಆಲದ ಮರಕ್ಕೆ ಗುದ್ದಿ, ಹೋಯಿತು.

ಸುಬ್ಬಯ್ಯ ಒಬ್ಬ ಗಿರಾಕಿ ಹೋದದ್ದನ್ನು ಲೆಕ್ಕಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಯ್ಯಯ್ಯೋ! ಎಂತ ಮಾರಾಯ್ರೆ ಇದು! ಇದನ್ನು ನನ್ನ ಹೋಟೆಲಿನ ಸಾಂಬಾರ್ ಬಟ್ಲಲ್ಲಿ ಪಾರ್ಕ್ ಮಾಡ್ಬಹುದಲ್ಲ! ಇನ್ನೊಂದು ತಂದ್ರೆ ಚಟ್ನಿ ಬಟ್ಲಲ್ಲಿ!" ಅಲ್ಲಿಗೇ ನಿಲ್ಲಿಸಿದ್ದರೆ ಮೂರನೇ ನಂಬರ್ ಅವರದಾಗುತ್ತಿತ್ತು. ಆದರೆ ನಗು ಹಿಡಿತಕ್ಕೆ ಸಿಗಲಿಲ್ಲ. ಮರಾಠಿಗೆ ಹೊರಳಿ ಎಲ್ಲರೆದುರು, "ಇದಕ್ಕೆ ಕಾಕಾ ತಿಂಗಳಿಂದ ನೋಟೀಸ್ ಹಾಕಿದ್ದು ನೋಡಿ! ಇದರ ಭಾರಕ್ಕೆ ಹೆದರಿ ಹಾಸಿಗೆ ಸರಿಸಿದ್ದು ನೋಡಿ! ಬಚ್ಚಲ ಬಾಗಿಲು ಅಳೆದದ್ದು ನೋಡಿ!" ಎಂದರು.

ಆಗಾಶೆ ಕಾಕಾರ ಕಿವಿ ಕೆಂಪಾಯಿತು. ಮೂವತ್ತೈದು ವರ್ಷ ಸರಕಾರಿ ಆಫೀಸಿನಲ್ಲಿ ಅವರು ಎಷ್ಟೋ ತಪ್ಪು ಮಾಡಿದ್ದರು, ಒಂದನ್ನೂ ಒಪ್ಪಿಕೊಂಡಿರಲಿಲ್ಲ.

"ಯಾರು ಮೋಸಹೋದರು?" ಎಂದರು ತಣ್ಣಗೆ. "ನನಗೆ ಮೊದಲ ದಿನದಿಂದಲೂ ಗೊತ್ತಿತ್ತು."

"ಹಾಗಾದ್ರೆ ಈ ಹಮಾಲರು?"

"ಕಾವಲಿಗೆ. ಇಂಥ ಬೆಲೆಬಾಳುವ ವಸ್ತುವನ್ನು ಯಾರಾದರೂ ಕಿಸೆಯಲ್ಲಿ ಹಾಕಿಕೊಂಡು ಹೋಗಬಹುದು. ಹೋಟೆಲಿನವರು ವಿಶೇಷವಾಗಿ."

ಹಮಾಲರು ಹಗ್ಗ ಹಿಡಿದುಕೊಂಡು ಕಾವಲಿನ ಮುಖ ಮಾಡಿದರು. ಕಾಕಾ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದರು. ಎದ್ದು ನಿಂತು, "ನಾಲ್ಕು. ನಾಲ್ಕೂ ತಿರುಗುತ್ತವೆ. ಸ್ವಂತದ್ದು. ದಸರೆಯೊಳಗೆ ಬಂದಿದೆ. ಮೂರನೇ ನಂಬರ್ ಮಾಂತು ಅವರದೇ. ಸುಬ್ಬಯ್ಯ, ನಿಮ್ಮ ವ್ಯಾನನ್ನು ಆಲದ ಮರ ಕಾಯುತ್ತಿದೆ" ಎಂದು ತೀರ್ಪು ಕೊಟ್ಟರು.

ಮಾಂತು ಹಿಗ್ಗಿ ಹೀರೆಕಾಯಿಯಾದ. ಭೀಮವ್ವ ಮುಷ್ಟಿ ಭಂಡಾರ ತೂರಿದಳು, ಅರ್ಧ ಕಾಕಾರ ಕನ್ನಡಕದ ಮೇಲೆ ಬಿತ್ತು. ತ್ರಿವೇಣಿ ಒಂದು ಮಾತೂ ಆಡದೆ ಗೋಡೆಗೆ ಒರಗಿಸಿದ್ದ ಚೀಲ ಎತ್ತಿಕೊಂಡು ಬಂದಳು. ಅವಳ ಮುಖದಲ್ಲಿ ತಿಂಗಳಾದ ಮೇಲೆ ಮೊದಲ ಸಲ ನಗು ಇತ್ತು.

"ಚೀಲದಲ್ಲೇನು, ವಹಿನಿ?" ಎಂದು ಕಾಕಾ ಅವಳನ್ನು ಕೇಳಿದರು, ಕನ್ನಡಕ ಒರೆಸುತ್ತ.

"ಹಂಚು, ಒಲಿ. ಹಬ್ಬದ ರೊಟ್ಟಿ ಅವ."

"ಗಾಡಿ ನಿಂತ ಜಾಗದಲ್ಲಿ ಬೆಂಕಿಯೇ? ಪಾರ್ಕಿಂಗಿನಲ್ಲಿ ವಾಹನದ ಹೊರತು ಒಂದು ಕಡ್ಡಿಯನ್ನೂ ಇಡುವಂತಿಲ್ಲ."

"ಕಾಕಾ, ಇದು ಗಾಡಿ ಅಲ್ಲ, ಆಟಿಗಿ ಸಾಮಾನ!" ಎಂದಳು ತ್ರಿವೇಣಿ. ಗಂಡನ ತೋಳು ಜಗ್ಗಿದಳು. "ಹೇಳ್ರಿ ಇವರಿಗೆ. ನೀವರೇ ಹೇಳ್ರಿ."

ಆಗಾಶೆ ಕಾಕಾ ಮಾಂತುವಿನ ಕಡೆ ತಿರುಗಿದರು. "ಹೇಳಿ. ಇದು ಆಟಿಕೆಯೋ? ಗಾಡಿಯೋ?"

ಎಲ್ಲರ ಕಣ್ಣೂ ಮಾಂತುವಿನ ಮೇಲೆ. ಆಟಿಕೆ ಎಂದರೆ ಜಾಗ ಸುಬ್ಬಯ್ಯನಿಗೆ. ಗಾಡಿ ಎಂದರೆ ಹಂಚು ಹೊರಗೆ. ಹೇಗೆ ಹೇಳಿದರೂ ತ್ರಿವೇಣಿಯ ಒಲೆ ಹೊತ್ತುವುದಿಲ್ಲ. ಬುದ್ಧಿ ಇದ್ದವನು ಆ ಗಳಿಗೆಯಲ್ಲಿ ಸುಮ್ಮನೆ ಹೆಂಡತಿಯ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದ. ಮಾಂತು ಕೆಳಗೆ ನೋಡಿದ. ಬೆಳಗಿನ ಬಿಸಿಲು ಹಳದಿ ಬಾನೆಟ್ಟಿನ ಮೇಲೆ ಬಿದ್ದು, ಕರಿ ಪಟ್ಟೆಗಳು ನೀರಿನ ಹಾಗೆ ಹೊಳೆಯುತ್ತಿದ್ದವು. ಬಲಗಡೆಯ ಸ್ಟಿಯರಿಂಗು ಎಷ್ಟು ನೀಟಾಗಿ ಕೂತಿತ್ತು!

"ಗಾಡಿ ರೀ," ಎಂದ.

ತ್ರಿವೇಣಿ ಅಳಲಿಲ್ಲ, ಬೈಯಲಿಲ್ಲ. ಚೀಲ ಹೊತ್ತುಕೊಂಡು ಮಾಂತುವನ್ನು ಮೀಟರ್ ಬಾಕ್ಸಿನಂತೆ ದಾಟಿ, ಸೀದಾ ಗೇಟಿನ ಕಡೆ ನಡೆದಳು. ಸುಬ್ಬಯ್ಯ ವ್ಯಾನಿನ ಬಾಗಿಲಲ್ಲಿ ಮುಖ ಇಳಿಬಿಟ್ಟು ನಿಂತಿದ್ದರು.

"ಸುಬ್ಬಯ್ಯ ಅಣ್ಣಾರ, ನಿಮ್ಮ ಹೋಟೆಲ್‌ದಾಗ ಒಂದ ಹಂಚ ಇಡೂವಷ್ಟ ಜಾಗಾ ಅದ ಏನ್ರಿ?"

ಸುಬ್ಬಯ್ಯ ಕಣ್ಣು ಪಿಳುಕಿಸಿದರು. ಪ್ರತಿ ರವಿವಾರ ತಮ್ಮ ಹೋಟೆಲನ್ನು ದಾಟಿ, ಇಡ್ಲಿಯ ಕಡೆ ಕಣ್ಣೆತ್ತಿಯೂ ನೋಡದೆ, ಈಕೆಯ ರೊಟ್ಟಿಗೆ ಸಾಲು ನಿಲ್ಲುತ್ತಿದ್ದ ಹುಡುಗರ ಹಿಂಡು ಅವರ ಕಣ್ಣ ಮುಂದೆ ಹಾದುಹೋಯಿತು.

"ಒಂದು ಎಂತಕ್ಕೆ ಅಕ್ಕ, ಎರಡು ಇಡಿ! ಹತ್ತಿ, ಹತ್ತಿ, ಮುಂದಿನ ಸೀಟಿಗೇ ಹತ್ತಿ!"

ದೀಪಾವಳಿಯ ಹೊತ್ತಿಗೆ ಕರ್ವೆ ರಸ್ತೆಯ ಆ ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ, ವಡೆಗಳ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಕಡಕ ರೊಟ್ಟಿ ಊಟ ಕಾಣಿಸಿಕೊಂಡಿತು. ಕೌಂಟರಿನ ಹಿಂದಿನ ಅಡುಗೆಯವರೂ, ಸುಬ್ಬಯ್ಯನವರೂ ಅವಳನ್ನು "ಅಕ್ಕ" ಎನ್ನುತ್ತಾರೆ. ಚಹಾ ಬೇಕಾದರೆ ಅಲ್ಲಿ ಅವಳಿಗೇ ತಂದುಕೊಡುತ್ತಾರೆ.

ಮೂರನೇ ನಂಬರಿನಲ್ಲಿ, ಒಂದು ಲಾರಿ ನಿಲ್ಲುವಷ್ಟು ಜಾಗದ ನಟ್ಟನಡುವೆ, ಗೇಣುದ್ದದ ಹಳದಿ ಗಾಡಿ ಒಂದೇ ನಿಂತಿದೆ. ಸುತ್ತ ಕಾಕಾ ಬಿಳಿ ಗೆರೆ ಎಳೆಸಿದ್ದಾರೆ, ಯಾರೂ ಒರಗಬಾರದೆಂಬ ನೋಟೀಸು ಹಾಗೇ ಇದೆ. ಒರಗಬೇಕಾದರೆ ಮಲಗಬೇಕು, ಆ ಮಾತು ಬೇರೆ. ಮಾಂತು ರವಿವಾರವಿಡೀ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಬೆಕ್ಕು ಬಾರದಂತೆ ಕಾಯುತ್ತಾನೆ.

ಒಂದು ರವಿವಾರ ಮಧ್ಯಾಹ್ನ ಹಸಿವಾಗಿ ಮೇಲೆ ಹೋದ. ತ್ರಿವೇಣಿ ಹೋಟೆಲಿಗೆ ಹೋಗುವ ಮೊದಲು ಊಟದ ಟೇಬಲ್ಲಿನ ಮೇಲೆ ಅವನ ಪಾಲು ಮುಚ್ಚಿಟ್ಟಿದ್ದಳು. ತಟ್ಟೆ ತೆಗೆದು ನೋಡಿದರೆ, ನಡುವೆ ಅಂಗಿಯ ಗುಂಡಿಯಷ್ಟೇ ಇರುವ ಒಂದು ಜೋಳದ ರೊಟ್ಟಿ. ಗುಂಡಗೆ, ತೆಳ್ಳಗೆ, ಅಂಚಿನಲ್ಲಿ ಎಳ್ಳಿನ ಬದಲು ಗಸಗಸೆ. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಶೇಂಗಾ ಚಟ್ನಿ.

ಮಾಂತು ಕಪಾಟಿನಿಂದ ಅಳತೆಪಟ್ಟಿ ತಂದು ಅಳೆದ. ಇಪ್ಪತ್ನಾಲ್ಕರಿಂದ ಗುಣಿಸಿದ, ತ್ರಿವೇಣಿ ದಿನಾ ಬಡಿಯುವ ರೊಟ್ಟಿಯ ಅಳತೆಯೇ ಬಂತು. ಬಾಯಿ ತೆರೆದೇ ಉಳಿಯಿತು.

"ಯವ್ವಾ, ಲಗೂನ ಬಾ ಇಲ್ಲಿ!" ಎಂದು ಕೂಗಿದ. "ನೋಡ್ ಬಾ! ಕೂದಲಷ್ಟೂ ಫರಕಿಲ್ಲ!"

ಎರಡು ಬೆರಳಲ್ಲಿ ಮೆಲ್ಲಗೆ ರೊಟ್ಟಿ ಎತ್ತಿಕೊಂಡು, ಹಸಿದ ಹೊಟ್ಟೆಯಲ್ಲೇ ಮೂರು ಮಹಡಿ ಇಳಿದು ಬಂದು, ಗಾಡಿಯ ಹಿಂದಿನ ಸೀಟಿನ ಮೇಲೆ ಇಟ್ಟ.